ಶಾಸಕಿಯಾಗಲು ಪತಿಯ ಮರಣದವರೆಗೆ ಕಾಯಬೇಕೆ?

ಕನೀಝ್ ಫಾತಿಮಾರ ಹೆಸರನ್ನು ನಮ್ಮವರು ಅಭಿಮಾನದಿಂದ ಹೇಳುತ್ತಾರೆ. 2022ರ ಫೆಬ್ರವರಿಯಲ್ಲಿ ಹಿಜಾಬ್ ವಿವಾದ ಭುಗಿಲೆದ್ದಾಗ, ತಾನು ಹಿಜಾಬ್ ಧರಿಸಿಯೇ ವಿಧಾನಸಭೆಯಲ್ಲಿ ಕೂರುತ್ತೇನೆ, ತಡೆಯುವವರು ತಡೆಯಲಿ ಎಂದು ಸವಾಲೆಸೆದ ಶಾಸಕಿ ಅವರು. ಮರುತಿಂಗಳು ಗದಗದಲ್ಲಿ ಹಿಜಾಬ್ ಧರಿಸಿದ ವಿದ್ಯಾರ್ಥಿನಿಯರಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯಲು ಬಿಟ್ಟ ಕಾರಣಕ್ಕೆ ಏಳು ಮಂದಿ ಶಿಕ್ಷಕರು ಅಮಾನತುಗೊಂಡರು. ಆ ಹೆಣ್ಣುಮಕ್ಕಳ ಪರವಾಗಿ ದನಿಯೆತ್ತಲು ಜಿಲ್ಲೆಯ ನಾಲ್ಕು ಕ್ಷೇತ್ರಗಳಲ್ಲಿ ಒಬ್ಬ ಶಾಸಕಿಯೂ ಇರಲಿಲ್ಲ.

ಇದು ಪರರ ದೋಷ ಮಾತ್ರವೇ? 1957ರಷ್ಟು ಹಿಂದೆಯೇ ಶಿರಹಟ್ಟಿಯ ಮತದಾರರು ಲೀಲಾವತಿ ವೆಂಕಟೇಶ ಮಾಗಡಿಯವರನ್ನು ವಿಧಾನಸಭೆಗೆ ಕಳುಹಿಸಿದ್ದರು. ಅದೇ ಕ್ಷೇತ್ರವು ಪರಿಶಿಷ್ಟ ಜಾತಿಗೆ ಮೀಸಲಾದ ಬಳಿಕ 2008ರಿಂದ 2023ರವರೆಗಿನ ನಾಲ್ಕೂ ಚುನಾವಣೆಗಳಲ್ಲಿ ಪುರುಷರನ್ನೇ ಆರಿಸಿತು. ಮುಂಡರಗಿ ಕ್ಷೇತ್ರವಂತೂ 2008ರ ಮರುವಿಂಗಡಣೆಯಲ್ಲಿ ಹೆಸರನ್ನೇ ಕಳೆದುಕೊಂಡಿತು.

ಕನೀಝ್ ಫಾತಿಮಾರ ರಾಜಕೀಯ ಬದುಕನ್ನು ನಾವು ಸರಿಯಾಗಿ ಓದಿಕೊಂಡಿಲ್ಲ. ಪತಿ ಖಮರುಲ್ ಇಸ್ಲಾಮ್ 2017ರ ಸೆಪ್ಟೆಂಬರ್‌ನಲ್ಲಿ ನಿಧನರಾದ ಮೇಲಷ್ಟೇ ಅವರಿಗೆ ಟಿಕೆಟು ದೊರೆಯಿತು. 2018ರಲ್ಲಿ ಗುಲ್ಬರ್ಗಾ ಉತ್ತರದಿಂದ ಸುಮಾರು 6 ಸಾವಿರ ಮತಗಳ ಅಂತರದಿಂದ ಗೆದ್ದಾಗ ಅನುಕಂಪದ ಅಲೆ ಎಂದರು. ಆದರೆ ಅನುಕಂಪಕ್ಕೆ ಐದು ವರ್ಷಗಳ ಆಯುಷ್ಯವಿರುವುದಿಲ್ಲ. 2023ರಲ್ಲಿ ಅದೇ ಎದುರಾಳಿ ಚಂದ್ರಕಾಂತ ಪಾಟೀಲರ ವಿರುದ್ಧ ಮೂರು ಸಾವಿರಕ್ಕೂ ಕಡಿಮೆ ಅಂತರದಲ್ಲಿ ಉಳಿದುಕೊಂಡರಲ್ಲ, ಆ ಗೆಲುವು ಅವರದೇ. ಆ ಚುನಾವಣೆಯಲ್ಲಿ ಗೆದ್ದ ಒಂಬತ್ತು ಮುಸ್ಲಿಮರಲ್ಲಿ ಮಹಿಳೆ ಅವರೊಬ್ಬರೇ. ಹಾಗಾದರೆ ಇಷ್ಟು ಸಾಮರ್ಥ್ಯವುಳ್ಳ ಮಹಿಳೆಯನ್ನು ಪತಿ ಬದುಕಿದ್ದಾಗ ಯಾವ ಪಕ್ಷ, ಯಾವ ಜಮಾಅತ್ ಗುರುತಿಸಿತ್ತು?

ನಮ್ಮೂರಿಗೆ ಬರೋಣ. ಗದಗ-ಬೆಟಗೇರಿ ನಗರಸಭೆಗೆ, ಲಕ್ಷ್ಮೇಶ್ವರ ಮತ್ತು ಮುಂಡರಗಿಯ ಪುರಸಭೆಗಳಿಗೆ, ಶಿರಹಟ್ಟಿಯ ಪಟ್ಟಣ ಪಂಚಾಯತಿಗೆ ಮೀಸಲಾತಿಯ ಬಾಗಿಲಿನಿಂದ ಮಹಿಳೆಯರು ಪ್ರವೇಶಿಸಬಲ್ಲರು. ವಾರ್ಡು ಮಹಿಳೆಗೆ ಮೀಸಲಾದೊಡನೆ ನಮ್ಮ ಮೊಹಲ್ಲಾಗಳಲ್ಲಿ ಅಭ್ಯರ್ಥಿಯ ಹುಡುಕಾಟ ನಡೆಯುವುದಿಲ್ಲ; ಅಭ್ಯರ್ಥಿಯ ಪತಿಯ ಹುಡುಕಾಟ ನಡೆಯುತ್ತದೆ. ಪೋಸ್ಟರಿನಲ್ಲಿ ಆತನದೇ ದೊಡ್ಡ ಚಿತ್ರ. ಗೆದ್ದ ಮೇಲೆ ನೀರಿನ ದೂರು ಆತನ ಮೊಬೈಲಿಗೆ, ಹಾರ ಆತನ ಕೊರಳಿಗೆ. ಸದಸ್ಯೆಯ ಪಾಲಿಗೆ ಉಳಿಯುವುದು ಸಹಿ. ಇದಕ್ಕೆ ಪರ್ದಾದ ನೆಪ ಬೇರೆ! ಮತ ಯಾಚನೆಗೆ ಮನೆ ಮನೆ ಸುತ್ತಿಸುವಾಗ ಈ ಪರ್ದಾ ಯಾರಿಗೂ ನೆನಪಾಗದು.

ಹುದೈಬಿಯಾದಲ್ಲಿ ಸಹಾಬಿಗಳು ಖಿನ್ನರಾಗಿ ಕುಳಿತಿದ್ದಾಗ ಪ್ರವಾದಿಯವರು(ಸ) ಉಮ್ಮು ಸಲಮಾರ(ರ) ಸಲಹೆಯಂತೆ ನಡೆದರು, ಬಿಕ್ಕಟ್ಟು ಬಗೆಹರಿಯಿತು. ಆ ಘಟನೆಯನ್ನು ಮಿಂಬರಿನಿಂದ ಕೇಳಿ ಬರುವವರೇ ಪುರಸಭೆಯ ಸಭೆಗೆ ಹೊರಟ ಪತ್ನಿಗೆ ಬಾಯಿ ಮುಚ್ಚಿಕೊಂಡಿರು ಎನ್ನುತ್ತಾರೆ.

ಶಾಸನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಪಾಲು ನೀಡುವ ತಿದ್ದುಪಡಿಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು. ಜನಗಣತಿ ಮತ್ತು ಮರುವಿಂಗಡಣೆಯ ಷರತ್ತನ್ನೂ ಜೊತೆಗಿಟ್ಟಿತು. ಆ ದಿನ ಬಂದಾಗ ಪಕ್ಷಗಳು ಅಭ್ಯರ್ಥಿಗಳನ್ನು ಕೇಳಿಕೊಂಡು ಬರುತ್ತವೆ. ಕಡತ ಓದಬಲ್ಲ, ಅಧಿಕಾರಿಯನ್ನು ಪ್ರಶ್ನಿಸಬಲ್ಲ, ಬಜೆಟ್ ಸಭೆಯಲ್ಲಿ ಎದ್ದು ನಿಲ್ಲಬಲ್ಲ ಯಾರ ಹೆಸರನ್ನು ನಾವು ಕೊಡುತ್ತೇವೆ? ಹತ್ತು ವರ್ಷ ಸಹಿ ಹಾಕಿಸಿಕೊಂಡ ಆ ಸಹೋದರಿಯದನ್ನೇ?