ತಾಯಿಗೆ ಕೋಳ ತೊಡಿಸಿ ಮಗುವನ್ನು ಉಳಿಸಬಹುದೇ?

ಗರ್ಭಿಣಿಯೊಬ್ಬಳು ಆಸ್ಪತ್ರೆಯ ಮೆಟ್ಟಿಲು ಹತ್ತುವುದು ವೈದ್ಯರ ಮೇಲಿನ ಭರವಸೆಯಿಂದ. ಮನೆಯವರಿಗೂ ಹೇಳಲಾಗದ ಸಂಗತಿಯನ್ನು ಆಕೆ ಅಲ್ಲಿ ಹೇಳಿಕೊಳ್ಳುತ್ತಾಳೆ. ಆ ಮಾತು ನೇರವಾಗಿ ಪೊಲೀಸ್ ಠಾಣೆಗೆ ತಲುಪುವುದಾದರೆ? ಮಹಿಳಾ ಹಕ್ಕುಗಳ ಕುರಿತು ಜಗತ್ತಿಗೇ ಪಾಠ ಹೇಳುವ ಅಮೇರಿಕದಲ್ಲಿ ಇದು ನಡೆದಿದೆ.

ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ನಗರದ ಸರಕಾರಿ ವೈದ್ಯಕೀಯ ವಿಶ್ವವಿದ್ಯಾಲಯದ ಆಸ್ಪತ್ರೆಯು 1989ರಲ್ಲಿ ಪೊಲೀಸರೊಂದಿಗೆ ಕೈಜೋಡಿಸಿತು. ಕೊಕೇನ್ ಸೇವಿಸುತ್ತಾರೆಂಬ ಸಂಶಯವಿದ್ದ ಗರ್ಭಿಣಿಯರ ಮೂತ್ರವನ್ನು ಅವರ ಒಪ್ಪಿಗೆಯಿಲ್ಲದೆ ಪರೀಕ್ಷಿಸಿ, ಫಲಿತಾಂಶವನ್ನು ಪೊಲೀಸರಿಗೆ ಒಪ್ಪಿಸಲಾಯಿತು. 30 ಮಹಿಳೆಯರು ಬಂಧನಕ್ಕೊಳಗಾದರು. ಕೆಲವರನ್ನು ಹೆರಿಗೆಯಾದ ಬೆನ್ನಿಗೇ ಕೋಳ ತೊಡಿಸಿ ಕೊಂಡೊಯ್ಯಲಾಯಿತು. ಆ 30 ಮಂದಿಯಲ್ಲಿ 29 ಮಂದಿ ಕಪ್ಪುವರ್ಣೀಯರು. ಮಾದಕ ವ್ಯಸನವು ಬಿಳಿಯರ ಮನೆಗಳಲ್ಲಿ ಇರಲಿಲ್ಲವೇ? ಖಂಡಿತ ಇತ್ತು. ಆದರೆ ಈ ಬಲೆಯನ್ನು ಬೀಸಿದ್ದು ಬಡವರು ಬರುವ ಸರಕಾರಿ ಆಸ್ಪತ್ರೆಯಲ್ಲಿ.

ಹತ್ತು ಮಹಿಳೆಯರು ನ್ಯಾಯಾಲಯದ ಮೊರೆ ಹೋದರು. ರೋಗಿಯ ಒಪ್ಪಿಗೆಯಾಗಲಿ ವಾರಂಟ್ ಆಗಲಿ ಇಲ್ಲದೆ ಪೊಲೀಸರಿಗಾಗಿ ನಡೆಸುವ ಇಂತಹ ಪರೀಕ್ಷೆ ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಆರು ಮಂದಿ 2001ರ ಮಾರ್ಚ್‌ನಲ್ಲಿ ತೀರ್ಪಿತ್ತರು. ಆದರೆ ಆ ತೀರ್ಪು ತಡೆದದ್ದು ಪರೀಕ್ಷೆಯ ವಿಧಾನವನ್ನು ಮಾತ್ರ. ಗರ್ಭದ ಹೊರಗೆ ಬದುಕಬಲ್ಲಷ್ಟು ಬೆಳೆದ ಭ್ರೂಣವೂ ಮಕ್ಕಳ ರಕ್ಷಣಾ ಕಾನೂನಿನ ಪ್ರಕಾರ ಮಗುವೇ ಎಂದು ಅದೇ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ನೀಡಿದ್ದ ತೀರ್ಪು ಹಾಗೆಯೇ ಉಳಿಯಿತು. ಮಗುವನ್ನು ರಕ್ಷಿಸಲು ಬಂದ ಕಾನೂನು ತಾಯಿಯನ್ನು ಜೈಲಿಗೆ ಕಳುಹಿಸುವ ಅಸ್ತ್ರವಾಯಿತು.

ಟೆನೆಸಿ ರಾಜ್ಯವು 2014ರಲ್ಲಿ ಇದಕ್ಕಾಗಿಯೇ ಒಂದು ಕಾನೂನನ್ನು ತಂದಿತು. ಶಿಕ್ಷೆಗೆ ಹೆದರಿ ಗರ್ಭಿಣಿಯರು ವೈದ್ಯರಿಂದ ದೂರ ಉಳಿಯತೊಡಗಿದರೆಂಬ ದೂರುಗಳು ಕೇಳಿಬಂದವು. 2016ರಲ್ಲಿ ಅವಧಿ ಮುಗಿದಾಗ ಶಾಸಕಾಂಗವು ಅದನ್ನು ಮುಂದುವರಿಸಲಿಲ್ಲ. ಅನುಭವ ಕಲಿಸಿದ ಈ ಪಾಠವನ್ನು ಉಳಿದ ರಾಜ್ಯಗಳು ಕಲಿಯಲಿಲ್ಲ. ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ಸುಪ್ರೀಂ ಕೋರ್ಟು 2022ರ ಜೂನ್‌ನಲ್ಲಿ ರದ್ದುಪಡಿಸಿದ ನಂತರದ ಎರಡು ವರ್ಷಗಳಲ್ಲಿ, ಗರ್ಭಧಾರಣೆಗೆ ಸಂಬಂಧಿಸಿ ಕನಿಷ್ಠ 412 ಕ್ರಿಮಿನಲ್ ಪ್ರಕರಣಗಳು ದಾಖಲಾಗಿವೆಯೆಂದು ಪ್ರೆಗ್ನೆನ್ಸಿ ಜಸ್ಟಿಸ್ ಎಂಬ ಸಂಸ್ಥೆ ಲೆಕ್ಕ ಹಾಕಿದೆ. ಅವುಗಳಲ್ಲಿ ಹೆಚ್ಚಿನವು ಗರ್ಭಪಾತದ ಪ್ರಕರಣಗಳಲ್ಲ, ಮಾದಕ ವಸ್ತು ಸೇವನೆಯ ಆರೋಪಗಳು.

ಮಾದಕ ವ್ಯಸನವನ್ನು ನಾವು ಸಮರ್ಥಿಸುವುದಿಲ್ಲ. ಹುಟ್ಟಲಿರುವ ಮಗುವಿನ ಜೀವವೂ ನಮಗೆ ಅಮೂಲ್ಯವೇ. ಆದ್ದರಿಂದಲೇ ನಾವು ಕೇಳುತ್ತೇವೆ: ಹೆದರಿದ ತಾಯಿ ವೈದ್ಯರ ಬಳಿಗೆ ಬಾರದಿದ್ದರೆ ಆ ಮಗುವನ್ನು ಕಾಪಾಡುವವರು ಯಾರು? ವ್ಯಸನಿಗೆ ಬೇಕಿರುವುದು ಚಿಕಿತ್ಸೆ. ಗರ್ಭಿಣಿಗೆ ಬೇಕಿರುವುದು ಪೌಷ್ಟಿಕ ಆಹಾರ, ಆರೈಕೆ ಮತ್ತು ಸಾಂತ್ವನದ ನಾಲ್ಕು ಮಾತು. ಇವನ್ನು ಒದಗಿಸಲು ಹಣವೂ ತಾಳ್ಮೆಯೂ ಬೇಕು. ಕೋಳ ತೊಡಿಸಲು ಇವೆರಡೂ ಬೇಡ. ತನ್ನ ಹೊಣೆಯಿಂದ ನುಣುಚಿಕೊಂಡ ಸರಕಾರವು ಅಸಹಾಯಕಳಾದ ತಾಯಿಯನ್ನು ಕಟಕಟೆಯಲ್ಲಿ ನಿಲ್ಲಿಸುವುದನ್ನು ಶಿಶುರಕ್ಷಣೆ ಎನ್ನಲಾಗದು. ತಾಯಿಯನ್ನು ಶತ್ರುವೆಂದು ಬಗೆದ ಯಾವ ಕಾನೂನೂ ಮಗುವಿನ ಮಿತ್ರನಾಗಲಾರದು.