ಪೇಟಿ ಮಾಸ್ತರನ್ನ ಮನೆಗೆ ಕಳಿಸಿದ ಮೇಲೆ ಅಶ್ಲೀಲ ಅಂತ ಬೊಬ್ಬೆ ಯಾಕೆ?

ತುಂಬಾ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಕೆಲಸ ಅಂತ ಸುಳ್ಳು ಹೇಳಲ್ಲ, ಸೋಮಾರಿತನವೇ ಜಾಸ್ತಿ. ಇವತ್ತು ಮಾತ್ರ ಸಿಟ್ಟು ಬಂದಿದೆ, ಬರೆಯದೆ ನಿದ್ದೆ ಬರೋಲ್ಲ.

ಬನಶಂಕರಿ ಜಾತ್ರೆಗೆ ಹೋಗಿದ್ದೆ, ಕಂಪನಿ ನಾಟಕ ನೋಡಿದೆ ಅಂತ ಆಫೀಸಿನಲ್ಲಿ ಚಹಾ ಹೊತ್ತಿಗೆ ಹೇಳಿದೆ ನೋಡಿ, ಸಹೋದ್ಯೋಗಿಯೊಬ್ಬರು ಮೂಗು ಮುರಿದರು. "ಅದೆಲ್ಲಾ ಬರೀ ಡಬಲ್ ಮೀನಿಂಗ್ ಅಲ್ವೇನ್ರೀ? ನೀವು ಅಂಥದ್ದಕ್ಕೆಲ್ಲಾ ಹೋಗ್ತೀರಾ?" ಇವರು ಹವ್ಯಾಸಿ ನಾಟಕ ಒಂದನ್ನೂ ಬಿಡದೆ ನೋಡೋರು. ಜೀವಮಾನದಲ್ಲಿ ಒಂದೇ ಒಂದು ಕಂಪನಿ ನಾಟಕದ ಟಿಕೆಟ್ ತಗೊಂಡೋರಲ್ಲ.

ಮೊದಲೇ ಒಪ್ಕೊಂಡುಬಿಡ್ತೀನಿ. ನಾನು ನೋಡಿದ ನಾಟಕದಲ್ಲಿ ಹೊಲಸು ಜೋಕುಗಳಿದ್ದವು. ಅಕ್ಕನ ಪಕ್ಕ ಕೂತಿದ್ದೆ, ಎಲ್ಲಿ ನೋಡಬೇಕೋ ಗೊತ್ತಾಗದೆ ಡೇರೆಯ ಕಂಬ ನೋಡ್ತಾ ಕೂತೆ. ಆದರೆ ನನ್ನ ಪ್ರಶ್ನೆ ಬೇರೆ. ಆ ಜೋಕು ಅಲ್ಲಿಗೆ ಬಂದದ್ದು ಹೇಗೆ? ನಾನು ಹೇಳೋದು ಇಷ್ಟೇ: ಪೇಟಿ ಮಾಸ್ತರ ಎದ್ದು ಹೋದ ಜಾಗದಲ್ಲಿ ಅದು ಬಂದು ಕೂತಿದೆ.

ಕಂಪನಿ ನಾಟಕ ನೋಡದವರಿಗೆ ಸ್ವಲ್ಪ ವಿವರ. ಪೇಟಿ ಅಂದರೆ ಹಾರ್ಮೋನಿಯಂ. ಪೇಟಿ ಮಾಸ್ತರ, ತಬಲಾದವರು ರಂಗದ ಮುಂದೆ ಪಾತ್ರಧಾರಿಗಳ ಮುಖ ಕಾಣೋ ಹಾಗೆ ಕೂರ್ತಿದ್ದರು. ನಾಯಕ ಗಂಭೀರವಾಗಿ ಒಂದು ಪ್ರೇಮಗೀತೆ ಹಾಡಿ ಒಳಗೆ ಹೋಗ್ತಾನೆ. ಬೆನ್ನ ಹಿಂದೇನೇ ಹಾಸ್ಯಗಾರ ಬಂದು ಅದೇ ಮಟ್ಟಿನಲ್ಲಿ ಹೆಂಡತಿ ರೊಟ್ಟಿ ಸುಟ್ಟ ಕಥೆ ಹಾಡ್ತಾನೆ. ಜನ ಬಿದ್ದು ಬಿದ್ದು ನಗ್ತಾರೆ. ಪಾಶ್ಚಾತ್ಯರು ಬರ್ಲೆಸ್ಕ್ ಅಂತಾರಲ್ಲ, ಆ ಪದದ ಮೂಲ ಅರ್ಥವೂ ಇದೇ, ದೊಡ್ಡದನ್ನ ಅಣಕಿಸಿ ನಗಿಸೋದು. ಬಟ್ಟೆ ಬಿಚ್ಚೋ ಕುಣಿತ ಅನ್ನೋದು ಆಮೇಲೆ ಅಂಟಿಕೊಂಡ ಅರ್ಥ.

ಈ ಅಣಕಕ್ಕೆ ಪೇಟಿ ಮಾಸ್ತರ ಬೇಕೇ ಬೇಕು. ನಗು ಏಳೋವರೆಗೆ ಕೊನೆಯ ಸ್ವರ ಹಿಡಿದಿರಬೇಕು. ನಗು ಇಳಿಯೋ ಹೊತ್ತಿಗೆ ಸರಿಯಾಗಿ ತಬಲಾ ಏಟು ಬೀಳಬೇಕು. ಇವತ್ತು ಜನ ಎಷ್ಟು ಹೊತ್ತು ನಗ್ತಾರೆ ಅಂತ ರೆಕಾರ್ಡ್ ಮಾಡಿಟ್ಟ ಟ್ರ್ಯಾಕಿಗೆ ಹೇಗೆ ಗೊತ್ತಾಗುತ್ತೆ ಹೇಳಿ?

ಸಣ್ಣವನಿದ್ದಾಗ ಸೋದರಮಾವನ ಜೊತೆ ಹೋದ ನಾಟಕವೊಂದರಲ್ಲಿ ಪರದೆ ಅರ್ಧಕ್ಕೆ ಸಿಕ್ಕಿಹಾಕ್ಕೊಂಡಿತು. ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಪೇಟಿ ಮಾಸ್ತರ ಏನು ಮಾಡಿದ ಗೊತ್ತಾ? ಹಗ್ಗ ಎಳೆಯೋರ ಏದುಸಿರಿಗೆ ಸರಿಯಾಗಿ ಪೇಟಿಯನ್ನ ಏದುಸಿರು ಬಿಡಿಸೋಕೆ ಶುರು ಮಾಡಿದ. ಹಾಸ್ಯಗಾರ ಪರದೆಯ ಅಡಿಯಿಂದ ತೆವಳಿಕೊಂಡು ಬಂದು "ಸಾವಕಾಶ್ರೀ ಮಾಸ್ತರ, ಪರದೆಗೆ ಏಳು ತಿಂಗಳು!" ಅಂದ. ಡೇರೆಗೆ ಡೇರೆಯೇ ನಕ್ಕಿತು. ಬರೆದಿಟ್ಟ ಮಾತಲ್ಲ, ಹೊಲಸೂ ಅಲ್ಲ. ಇದು ಕಸುಬು ಕಣ್ರೀ.

ಈ ಕಸುಬಿಗೆ ಒಂದು ಕಾಲದಲ್ಲಿ ಎಂಥಾ ಮರ್ಯಾದೆ ಇತ್ತು! 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯನ್ನ ನಾಡಿಗೇ ದೊಡ್ಡದು ಮಾಡಿದ ವೀರಣ್ಣನವರು ಸ್ವತಃ ಹಾಸ್ಯನಟರು. 'ಸದಾರಮೆ'ಯ ಕಳ್ಳನ ಪಾತ್ರಕ್ಕೆ ಹೆಸರಾದವರು. 2019ರಲ್ಲಿ ತೀರಿಕೊಂಡ ಮಾಸ್ಟರ್ ಹಿರಣ್ಣಯ್ಯ 'ಲಂಚಾವತಾರ'ದಲ್ಲಿ ಅಂದಿನ ರಾಜಕೀಯವನ್ನ ಅಂದೇ ಎಳೆದು ತಂದು ಮಂತ್ರಿಗಳನ್ನೂ ಬಿಡದೆ ಝಾಡಿಸೋರು.

ಇನ್ನು ನಮ್ಮ ಓದಿದವರ ಅಭಿರುಚಿ. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಅನ್ನೇ ನಿಷೇಧಿಸಿತು, ಅದರಲ್ಲಿ ಗಮಕ ಬರಲ್ಲ, ಅದು ಪರದೇಶಿ ವಾದ್ಯ ಅಂತ. ನಿಷೇಧ ಸಡಿಲಾಗಿದ್ದು 1971ರಲ್ಲಿ. ಆ ಮೂವತ್ತು ವರ್ಷವೂ ಡೇರೆಗಳಲ್ಲಿ ಸಾವಿರಾರು ಜನ ಅದೇ ಪೇಟಿಗೆ ಒನ್ಸ್ ಮೋರ್ ಕೂಗ್ತಾನೇ ಇದ್ದರು. 'ಕಲೆ' ಮೇಲೆ, 'ಮನರಂಜನೆ' ಕೆಳಗೆ ಅನ್ನೋ ಈ ಮಡಿ ಹೊಸದೇನಲ್ಲ.

ಮೊನ್ನೆ ನಾಟಕ ಮುಗಿದ ಮೇಲೆ ಒಬ್ಬ ಹಿರಿಯ ನಟರನ್ನ ಮಾತಾಡಿಸಿದೆ. ಪೇಟಿ ಎಲ್ಲಿ ಹೋಯ್ತು ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು: "ಪೇಟಿ, ತಬಲಾ ಇಬ್ಬರಿಗೂ ಪಗಾರ ಕೊಡಬೇಕ್ರಿ ಸರ, ಊಟ ವಸ್ತಿ ಬ್ಯಾರೆ. ಈಗ ಪ್ಯಾಡ್ ಬಾರಿಸೋ ಹುಡುಗ ಒಬ್ಬಾಂವ ಎಲ್ಲಾ ಮಾಡ್ತಾನ. ಹಾಡು ತಗದ ಮ್ಯಾಲ ನಗಸಾಕ ನಮ್ಮ ಹತ್ರ ಬಾಯಿ ಒಂದ ಉಳದೈತ್ರಿ."

ಕೇಳಿಸಿಕೊಂಡಿರಾ? ದ್ವಂದ್ವಾರ್ಥಕ್ಕೆ ಪಗಾರ ಕೊಡಬೇಕಿಲ್ಲ. ಅದಕ್ಕೆ ರಿಯಾಜೂ ಬೇಕಿಲ್ಲ.

ಅದರ ಬೆಲೆ ಕೊಡೋರು ಬೇರೆ. ಜೋಕು ಹೇಳೋನು ಗಂಡಸು, ಅದಕ್ಕೆ ಗುರಿಯಾಗಿ ಎದುರಿಗೆ ನಿಲ್ಲೋದು ನಟಿ. ಅವತ್ತು ರಾತ್ರಿ ಆಕೆ ಬಣ್ಣ ಒರೆಸಿಕೊಂಡು, ಮೊಬೈಲ್ ಹಿಡಿದ ಹುಡುಗರು ಜಾಗ ಖಾಲಿ ಮಾಡೋವರೆಗೆ ಡೇರೆ ಹಿಂದೆ ಕಾಯ್ತಾ ನಿಂತಿದ್ದಳು. ಆರ್. ನಾಗರತ್ನಮ್ಮ 1958ರಲ್ಲಿ ಬರೀ ಹೆಂಗಸರದ್ದೇ ಸ್ತ್ರೀ ನಾಟಕ ಮಂಡಳಿ ಕಟ್ಟಿ, ತಾವೇ ಕಂಸ, ರಾವಣ, ಭೀಮರಾಗಿ ಗುಡುಗಿದರಲ್ಲ, 2012ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಚಪ್ಪಾಳೆ ಹೊಡೆದೆವು. ಅದೇ ನಾವು ಕಂಪನಿ ನಟಿ ಬಾಡಿಗೆ ಮನೆ ಕೇಳಿದರೆ "ಫ್ಯಾಮಿಲಿಗೆ ಮಾತ್ರ" ಅಂತೀವಿ.

"ಜನ ಅದನ್ನೇ ಕೇಳ್ತಾರೆ" ಅನ್ನೋ ಕಂಪನಿ ಮಾಲೀಕರ ಮಾತನ್ನೂ ನಾನು ನಂಬಲ್ಲ. ಅದೇ ನಾಟಕದ ನಡುವೆ ಪ್ಯಾಡು ಕೈಕೊಟ್ಟಿತು. ತಾಯಿ ಪಾತ್ರದ ವಯಸ್ಸಾದ ನಟಿ ಸುಮ್ಮನೆ ನಿಲ್ಲಲಿಲ್ಲ, ಕೈಯಲ್ಲೇ ತಾಳ ಹಾಕ್ಕೊಂಡು ಹಳೇ ರಂಗಗೀತೆಯೊಂದನ್ನ ಎತ್ತಿಕೊಂಡರು. ಹೊಲಸು ಜೋಕಿಗೆ ಸಿಳ್ಳೆ ಹೊಡೆದಿದ್ದ ಹಿಂದಿನ ಸಾಲಿನ ಹುಡುಗರೇ "ಒನ್ಸ್ ಮೋರ್" ಅಂತ ಕೂಗಿದ್ದು. ಆಕೆ ಮತ್ತೆ ಹಾಡಿದರು. ಅಕ್ಕ ಕಣ್ಣೊರೆಸಿಕೊಂಡಳು. ನಾನು ಈ ಸಲ ಕಂಬ ನೋಡಲಿಲ್ಲ.

ಹಾಗಾಗಿ ಮೂಗು ಮುರಿಯೋ ಮುಂಚೆ ಎರಡು ಕೆಲಸ ಮಾಡಿ. ನಿಮ್ಮ ಮನೆ ಮದುವೆಗೋ ರಾಜ್ಯೋತ್ಸವಕ್ಕೋ ಹಾಡೋರನ್ನ ಕರೆಸುವಾಗ ಟ್ರ್ಯಾಕ್ ಬೇಡ, ನುಡಿಸೋರನ್ನೂ ಕರೆತನ್ನಿ ಅನ್ನಿ, ಅವರ ದುಡ್ಡನ್ನೂ ಕೊಡಿ. ಮತ್ತೆ ಮುಂದಿನ ಬನದ ಹುಣ್ಣಿಮೆಗೆ ಜಾತ್ರೆಗೆ ಬನ್ನಿ. ಟಿಕೆಟ್ ತಗೊಂಡು ಮುಂದಿನ ಸಾಲಲ್ಲಿ ಕೂತು, ಪೇಟಿ ಎಲ್ಲಿ ಅಂತ ಜೋರಾಗಿ ಕೇಳಿ. ಹತ್ತು ಜನ ಕೇಳಿದರೆ ಮಾಲೀಕನ ಕಿವಿಗೆ ಬೀಳುತ್ತೆ.

ನಾನಂತೂ ಹೋಗ್ತೀನಿ. ಸಹೋದ್ಯೋಗಿಗೂ ಒಂದು ಟಿಕೆಟ್ ನನ್ನ ಖರ್ಚಲ್ಲೇ. ನೀವು ಬರ್ತೀರಾ?