ಯಂತ್ರಕ್ಕೆ ಯಾರ ಬಾಯಿಯ ಪಾಠ?

ಹಲ್ಲು ಹೋದವರ ಕಷ್ಟ ಹಲ್ಲಿದ್ದವರಿಗೆ ತಿಳಿಯದು. ಅಡಿಕೆಯನ್ನು ಕುಟ್ಟಿ ತಿನ್ನುವ ಅಜ್ಜ, ಅಜ್ಜಿಯರು ನಮ್ಮ ಗಡಿನಾಡಿನ ಎಷ್ಟೋ ಮನೆಗಳಲ್ಲಿದ್ದಾರೆ. ಹಲ್ಲು ಕಟ್ಟುವ ವಿದ್ಯೆಯಲ್ಲಿ ಈಗ ಕೃತಕ ಬುದ್ಧಿಮತ್ತೆಯ ಪ್ರವೇಶವಾಗಿದೆ. ಅದರ ಫಲ ನಮ್ಮಂಥವರಿಗೆ ದಕ್ಕೀತೇ ಎಂಬುದನ್ನು ವಿಚಾರಿಸಬೇಕಾದ ಕಾಲವಿದು.

ಟೈಟಾನಿಯಂ ಲೋಹದ ತಿರುಪು ದವಡೆಯ ಎಲುಬಿನೊಂದಿಗೆ ಬೆಸೆದುಕೊಳ್ಳುತ್ತದೆ ಎಂಬುದನ್ನು ಕಂಡುಕೊಂಡ ಸ್ವೀಡನ್ನಿನ ಬ್ರೋನೆಮಾರ್ಕ್, 1965ರಲ್ಲಿ ಮೊದಲ ರೋಗಿಗೆ ಅಂಥ ಇಂಪ್ಲಾಂಟ್ ಕೂರಿಸಿದರು. 2017ರಲ್ಲಿ ಚೀನಾದ ಶಿಯಾನ್ ನಗರದಲ್ಲಿ ಯಂತ್ರಮಾನವನೇ ಒಬ್ಬ ಮಹಿಳೆಗೆ ಎರಡು ಇಂಪ್ಲಾಂಟ್ ಕೂರಿಸಿತು. ವೈದ್ಯರು ಪಕ್ಕದಲ್ಲಿ ನಿಂತು ನೋಡಿಕೊಂಡರು.

ಇಂದಿನ ಸಂಶೋಧನೆಯಲ್ಲಿ ಮೂರು ಧಾರೆಗಳು ಮುಖ್ಯವಾಗಿವೆ. ಮೊದಲನೆಯದು, ದವಡೆಯ ಸಿ.ಟಿ. ಚಿತ್ರವನ್ನು ಓದುವುದು. ಕೆಳದವಡೆಯೊಳಗೆ ಹಾದುಹೋಗುವ ನರಕ್ಕೆ ತಿರುಪು ತಗುಲಿದರೆ ತುಟಿ ಜೋಮು ಹಿಡಿಯುತ್ತದೆ. ಆ ನರದ ದಾರಿಯನ್ನು ಕಂಪ್ಯೂಟರ್ ಗುರುತಿಸಿಕೊಡುತ್ತದೆ. ಎರಡನೆಯದು, ಅಕ್ಕಪಕ್ಕದ ಮತ್ತು ಎದುರಿನ ಹಲ್ಲುಗಳನ್ನು ನೋಡಿ ಹೊಸ ಹಲ್ಲಿನ ಆಕಾರ ರಚಿಸುವುದು. ಮೂರನೆಯದು, ಎಕ್ಸ್‌ರೇ ನೋಡಿ ಹಳೆಯ ಇಂಪ್ಲಾಂಟ್ ಯಾವ ಕಂಪೆನಿಯದೆಂದು ಹೇಳುವುದು. ಗಲ್ಫಿನಲ್ಲಿ ಹಲ್ಲು ಕಟ್ಟಿಸಿ, ಕಾಗದಪತ್ರವಿಲ್ಲದೆ ಊರಿಗೆ ಮರಳಿದವರಿಗೆ ಇದರ ಬೆಲೆ ಗೊತ್ತಾದೀತು.

ಆದರೆ ಈ ಯಂತ್ರವೂ ನಮ್ಮ ತರಗತಿಯ ವಿದ್ಯಾರ್ಥಿಯಂತೆಯೇ. ಕಲಿಸಿದ ಪಾಠವನ್ನು ಚೆನ್ನಾಗಿ ಒಪ್ಪಿಸುತ್ತದೆ. ಕಲಿಸದೇ ಇದ್ದಲ್ಲಿ ಎಡವುತ್ತದೆ. ಅದಕ್ಕೆ ಪಾಠವೆಂದರೆ ಸಾವಿರಾರು ಬಾಯಿಗಳ ಚಿತ್ರಗಳು. ಅವು ಯಾರ ಬಾಯಿಗಳು?

ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡಿಗರ ಸೀಮೆಯೊಂದನ್ನು ನೋಡೋಣ. ಮೆಟ್ಟೂರಿನ ಸಮೀಪದ ನಂಗವಳ್ಳಿ ಸೇಲಂ ಜಿಲ್ಲೆಗೆ ಸೇರಿದ್ದು. ಆ ಜಿಲ್ಲೆಯ ಕೆಲವೆಡೆ ಮತ್ತು ನೆರೆಯ ಧರ್ಮಪುರಿಯಲ್ಲಿ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಅಂಥ ನೀರು ಕುಡಿದವರ ಹಲ್ಲು ಕಂದುಗಟ್ಟಿ, ಕುಳಿಬೀಳುತ್ತದೆ. 2013ರಲ್ಲಿ ಚಾಲನೆಗೊಂಡ ಹೊಗೇನಕಲ್ ಯೋಜನೆ ಧರ್ಮಪುರಿ, ಕೃಷ್ಣಗಿರಿಗಳಿಗೆ ಕಾವೇರಿ ನೀರು ತಂದಿತು; ಆದರೆ ಮೊದಲೇ ಬಿದ್ದ ಕಲೆ ನೀರಿನಿಂದ ಅಳಿಯದು. ಇಂಥ ಹಲ್ಲಿನ ಮೇಲೆ ವೈದ್ಯರು ಬಳಸುವ ಅಂಟೂ ಸುಲಭವಾಗಿ ಹಿಡಿಯುವುದಿಲ್ಲ. ಬಿಳಿ ಹಲ್ಲುಗಳನ್ನೇ ನೋಡಿ ಕಲಿತ ಯಂತ್ರ ಇವರ ಹಲ್ಲಿಗೆ ಹೊಂದುವ ಬಣ್ಣವನ್ನು ಹೇಗೆ ಹೇಳೀತು? ಎಲೆಯಡಿಕೆಯಿಂದ ಸವೆದ ನಮ್ಮವರ ಹಲ್ಲುಗಳ ವಿಷಯವೂ ಇದೇ.

ಇನ್ನು ಭಾಷೆಯ ಪ್ರಶ್ನೆ. ಸೇಲಂ ಜಿಲ್ಲೆಯ ಕನ್ನಡ ಮನೆಮಾತಿನ ನೇಕಾರರ ಓದುಬರಹ ತಮಿಳಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಹಿರಿಯರಿಗೆ ಮಲಯಾಳ ಲಿಪಿ ಕಷ್ಟ. ಯಂತ್ರ ಹೇಳಿದ್ದನ್ನು ರೋಗಿಗೆ ತಿಳಿಯುವಂತೆ ಹೇಳದೆ ಪಡೆದ ಸಹಿ ಒಪ್ಪಿಗೆಯೆನಿಸದು.

ಯಂತ್ರ ಬೇಡವೆಂಬುದು ನಮ್ಮ ವಾದವಲ್ಲ. ಕ್ಷಣದಲ್ಲಿ ಹಲ್ಲಿನ ರೂಪ ಬರೆಯುವ ಯಂತ್ರದಿಂದ ಖರ್ಚು ಇಳಿಯುವುದಾದರೆ ಆ ಇಳಿಕೆ ರೋಗಿಯ ಬಿಲ್ಲಿನಲ್ಲಿಯೂ ಕಾಣಬೇಕು. ನಮ್ಮ ದಂತವೈದ್ಯ ಕಾಲೇಜುಗಳು ಗಡಿಸೀಮೆಯ ಬಾಯಿಗಳನ್ನೂ, ಅವರ ಒಪ್ಪಿಗೆ ಪಡೆದು, ಹೆಸರು ಮರೆಮಾಡಿ, ಯಂತ್ರದ ಪಾಠಕ್ಕೆ ಸೇರಿಸಬೇಕು. ಕೊನೆಯ ಮಾತು ವೈದ್ಯರದೇ ಆಗಿರಬೇಕು. ನಮ್ಮವರೂ ಸಹಿ ಹಾಕುವ ಮೊದಲು "ಇದರಲ್ಲೇನು ಬರೆದಿದೆ?" ಎಂದು ಕೇಳಲು ಸಂಕೋಚಪಡಬಾರದು.